ಎರಡು ಸಂಘ, ಹನ್ನೊಂದು ಕಾರು

ಆ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ನನ್ನ ಕೈಯಲ್ಲಿದ್ದ ಪಟ್ಟಿಯಲ್ಲಿ ಐದು ವರ್ಗಗಳಿದ್ದವು, ಕಾರು ಮಾತ್ರ ಹನ್ನೊಂದೇ. ಒಂದನೇ ವರ್ಗ, ಅಂದರೆ ಎಂಟುನೂರೈವತ್ತು ಸಿಸಿ ಒಳಗಿನ ಸಣ್ಣ ಕಾರುಗಳದ್ದು, ಮೂರು. ಎರಡನೆಯದರಲ್ಲಿ ಒಂದು. ಮೂರನೆಯದರಲ್ಲಿ ಎರಡು. ನಾಲ್ಕೂ ಚಕ್ರ ಎಳೆಯುವ ಜೀಪುಗಳ ವರ್ಗದಲ್ಲಿ ನಾಲ್ಕು. ಎಂಜಿನ್ನಿಗೆ ಏನು ಬೇಕಾದರೂ ಮಾಡಿಕೊಳ್ಳಬಹುದಾದ ಮುಕ್ತ ವರ್ಗದಲ್ಲಿ ಒಂದೇ ಒಂದು. ಒಂದು ವರ್ಗ ನಡೆಯಬೇಕಾದರೆ ಕನಿಷ್ಠ ಐದು ಕಾರು ಬೇಕು ಎಂದು ನಮ್ಮ ನಿಯಮ ಪುಸ್ತಕದಲ್ಲಿತ್ತು. ಆ ಪ್ರಕಾರ ಅಂದು ಯಾವ ವರ್ಗವೂ ನಡೆಯುವಂತಿರಲಿಲ್ಲ.

ನಾನು ಬೈಲಹೊಂಗಲದ ಒಂದು ತರಬೇತಿ ಸಂಸ್ಥೆಯಲ್ಲಿ ಮೋಟಾರು ರಿಪೇರಿ ಕಲಿಸುವ ಮಾಸ್ತರ. ರೇಸಿನ ದಿನ ನನ್ನ ಕೆಲಸ ತಾಂತ್ರಿಕ ಪರೀಕ್ಷಕನದು. ಪ್ರತಿ ಕಾರನ್ನೂ ನೋಡಿ, ಹಾಳೆಯಲ್ಲಿ ಗುರುತು ಹಾಕಿ, ಸಹಿ ಮಾಡಬೇಕು. ನನ್ನ ಸಹಿ ಇಲ್ಲದ ಕಾರು ಹೊರಡುವ ಗೆರೆಯ ಮೇಲೆ ನಿಲ್ಲುವಂತಿಲ್ಲ. ರೇಸು ನಡೆಯುತ್ತಿದ್ದದ್ದು ಜೋಳದ ರಾಶಿ ಮುಗಿದ ಮೇಲೆ ಖಾಲಿ ಬಿದ್ದ ಎರೆ ಹೊಲಗಳಲ್ಲಿ. ಅಂದಿನದು ಸಂಗೊಳ್ಳಿ ಕಡೆಯ ಒಂದು ಹೊಲ. ಟ್ರ್ಯಾಕ್ಟರಿನಿಂದ ಸಮ ಮಾಡಿ, ಸುಮಾರು ಒಂದು ಕಿಲೋಮೀಟರಿನ ವಕ್ರ ಸುತ್ತು ಕೊರೆದು, ತಿರುವುಗಳಲ್ಲಿ ಹಳೆ ಟೈರು ಪೇರಿಸಿದ್ದರು. ಜನ ಬದುವಿನ ಮೇಲೆ, ಟ್ರೇಲರುಗಳ ಮೇಲೆ ಬಂದು ಕುಳಿತಾಗಿತ್ತು.

ಕಾರು ಇಷ್ಟು ಕಡಿಮೆ ಬಂದದ್ದಕ್ಕೆ ಕಾರಣ ಎಲ್ಲರಿಗೂ ಗೊತ್ತಿತ್ತು. ಅದೇ ದಿನ, ಅದೇ ಹೊತ್ತಿಗೆ, ಸವದತ್ತಿ ಹತ್ತಿರದ ಗರಸು ಕಲ್ಲಿನ ಬಯಲಿನಲ್ಲಿ ಇನ್ನೊಂದು ಸಂಘದವರು ಇನ್ನೊಂದು ರೇಸು ಇಟ್ಟಿದ್ದರು.

ಮೊದಲು ಒಂದೇ ಸಂಘವಿತ್ತು. ಅದು ಒಡೆದದ್ದು ನನ್ನಿಂದ ಎಂದು ಕೆಲವರು ಹೇಳುತ್ತಾರೆ. ಎರಡು ವರ್ಷ ಹಿಂದೆ ರಾಮದುರ್ಗದ ರೇಸಿನಲ್ಲಿ ಎರಡನೇ ವರ್ಗದಲ್ಲಿ ಗೆದ್ದ ಕಾರಿನ ಮೇಲೆ ಸೋತವರು ತಕರಾರು ಹಾಕಿದರು. ನಿಯಮದಂತೆ ನಾನು ಎಂಜಿನ್ನಿನ ತಲೆ ಬಿಚ್ಚಿಸಿ, ಸಿಲಿಂಡರಿನ ಒಳವ್ಯಾಸ ಅಳೆದೆ. ಎರಡು ಮಿಲಿಮೀಟರ್ ಹೆಚ್ಚಿತ್ತು. ಲೆಕ್ಕ ಹಾಕಿದರೆ ಕಾರು ಮೂರನೇ ವರ್ಗಕ್ಕೆ ಹೋಗುತ್ತಿತ್ತು. ಅನರ್ಹ ಎಂದು ಬರೆದೆ. ಆ ಕಾರು ನಮ್ಮ ಉಪಾಧ್ಯಕ್ಷರ ಅಳಿಯನದು. ಉಪಾಧ್ಯಕ್ಷರು ಸವದತ್ತಿ ಕಡೆ ಪೆಟ್ರೋಲ್ ಬಂಕು ಇದ್ದವರು, ಮಾತು ಕಡಿಮೆ. ನನ್ನ ಅಳತೆಯನ್ನು ತಾವೇ ಒಮ್ಮೆ ನೋಡಿ, "ನೀವು ಅಳದದ್ದು ಖರೇ ಐತ್ರಿ ಮಾಸ್ತರ. ಆದ್ರ ಇಲ್ಲಿ ಯಾರ ಎಂಜಿನ್ ಬಿಚ್ಚಿದ್ರೂ ಹಿಂಗ ಇರತೈತಿ" ಎಂದು ಹೇಳಿ ಹೋದವರು ಆರು ತಿಂಗಳಲ್ಲಿ ಹೊಸ ಸಂಘ ಕಟ್ಟಿದರು.

ಅವರ ಸರಣಿಯಲ್ಲಿ ವರ್ಗ ಮೂರೇ: ಸಣ್ಣವು, ದೊಡ್ಡವು, ಜೀಪು. ಎಂಜಿನ್ ಬಿಚ್ಚುವ ಮಾತಿಲ್ಲ. ಕಾರು ಮಗುಚಿದರೆ ಚಾಲಕನನ್ನು ಕಾಯಲು ಒಳಗೆ ಕೂಡಿಸುವ ಕೊಳವೆಯ ಪಂಜರ ಸಣ್ಣ ವರ್ಗಕ್ಕೆ ಐಚ್ಛಿಕ. ನಮ್ಮಲ್ಲಿ ಆರು ಕಾಲಿನ, ಬೆಸುಗೆ ಹಾಕಿದ ಪಂಜರ ಕಡ್ಡಾಯವಾಗಿತ್ತು. ಒಂದೇ ಕಾರನ್ನು ಎರಡೂ ಕಡೆ ಓಡಿಸುವವರಿಗೆ ಅದು ಭಾರ. ವಾರದ ದಿನಗಳಲ್ಲಿ ಅದೇ ಕಾರಿನಲ್ಲಿ ಮನೆಮಂದಿಯನ್ನು ಕೂಡಿಸಿಕೊಂಡು ತಿರುಗಬೇಕಾದವರಿಗೆ ಇನ್ನೂ ಭಾರ. ಒಬ್ಬೊಬ್ಬರೇ ಆ ಕಡೆ ಸರಿಯತೊಡಗಿದರು. ಆಗ ನಮ್ಮ ಕಾರ್ಯದರ್ಶಿಗಳು ಸಭೆ ಕರೆದು, ಒಂದನೇ ವರ್ಗಕ್ಕೆ ನಾಲ್ಕು ಕಾಲಿನ, ನಟ್ಟು ಬೋಲ್ಟಿನಿಂದ ಕೂಡಿಸಿ ಬಿಚ್ಚಬಹುದಾದ ಪಂಜರ ಸಾಕು ಎಂದು ನಿಯಮ ತಿದ್ದಿದರು. ನಾನು ಒಪ್ಪಿದೆ. ಒಂದೇ ಷರತ್ತು ಹಾಕಿದೆ. ಪ್ರತಿ ಕಾಲಿನ ಕೆಳಗೆ, ಕಾರಿನ ನೆಲದ ತಗಡಿನ ಮೇಲೂ ಕೆಳಗೂ, ಅಂಗೈ ಅಗಲದ ಮೂರು ಮಿಲಿಮೀಟರ್ ದಪ್ಪದ ಪ್ಲೇಟು ಇರಬೇಕು. ಇಲ್ಲದಿದ್ದರೆ ಪಂಜರ ಎಷ್ಟು ಗಟ್ಟಿಯಿದ್ದರೂ ಹೊಡೆತ ಬಿದ್ದಾಗ ಕಾಲು ತಗಡನ್ನು ಹರಿದುಕೊಂಡು ಕೆಳಗೆ ಇಳಿಯುತ್ತದೆ. ಆ ಷರತ್ತನ್ನು ಹಾಳೆಯಲ್ಲಿ ಪ್ರತ್ಯೇಕ ಸಾಲಾಗಿ ನಾನೇ ಸೇರಿಸಿದ್ದೆ: "ನೆಲದ ಪ್ಲೇಟು."

ಆ ಬೆಳಿಗ್ಗೆ ಕಾರ್ಯದರ್ಶಿಗಳು ನನ್ನ ಮೇಜಿನ ಹತ್ತಿರ ಬಂದರು. ಮಾರ್ಕೆಟ್ಟಿನಲ್ಲಿ ಹತ್ತಿ ವ್ಯಾಪಾರ ಅವರದು. ಈ ರೇಸಿನ ಹುಚ್ಚು ಹಚ್ಚಿದವರೇ ಅವರು, ನನ್ನನ್ನು ಕರೆತಂದವರೂ ಅವರೇ.

"ಎಲ್ಲಾ ವರ್ಗ ಕೂಡಿಸಿ ಒಂದ ರೇಸ್ ಮಾಡೂಣ್ರಿ. ಬಹುಮಾನ ಬ್ಯಾರೆ ಬ್ಯಾರೆ ಕೊಡೂಣು."

"ಅಕ್ಕಪಕ್ಕದ ವರ್ಗ ಕೂಡಸಬಹುದ್ರಿ. ಒಂದನೇದೂ ಎರಡನೇದೂ ಆದ್ರ ಒಪ್ಪತೇನಿ. ಸಣ್ಣ ಕಾರು ಜೀಪು ಒಂದ ಸುತ್ತಿನ್ಯಾಗ ಬ್ಯಾಡ್ರಿ."

"ನಾಕು ಕಾರು ಓಡಿಸಿದ್ರ ಮಂದಿ ನಗತಾರ. ಇವತ್ತ ರೇಸ್ ಆಗಲಿಲ್ಲ ಅಂದ್ರ ಮುಂದಿನ ಸಲ ಇಷ್ಟೂ ಬರೂದಿಲ್ಲ. ಎಲ್ಲಾ ಸವದತ್ತಿಗೆ ಹೋಕ್ಕಾವು. ಸಂಘ ಮುಚ್ಚೂದ ಆಗತೈತಿ ಮಾಸ್ತರ, ನೀವ ವಿಚಾರ ಮಾಡ್ರಿ."

ವಿಚಾರ ಮಾಡಿದೆ. ನಾನು ಸೋತದ್ದು ಅಲ್ಲಿಯೇ. ಸಣ್ಣ ಕಾರುಗಳನ್ನು ಅರ್ಧ ನಿಮಿಷ ತಡೆದು ಬಿಡಬೇಕು ಎಂಬ ಷರತ್ತಿನ ಮೇಲೆ ಒಪ್ಪಿದೆ. ಜೀಪುಗಳು ಮುಂದೆ ಹೋಗಿರುತ್ತವೆ, ಸಣ್ಣವು ಹಿಂದೆ ತಮ್ಮ ಪಾಡಿಗೆ ಬರುತ್ತವೆ ಎಂಬುದು ನನ್ನ ಲೆಕ್ಕ. ಸುತ್ತು ಹಾಕುವ ಹಾದಿಯಲ್ಲಿ ಮುಂದೆ ಹೋದವರೇ ತಿರುಗಿ ಬೆನ್ನಿಗೆ ಬರುತ್ತಾರೆಂಬುದನ್ನು ನಾನು ಮರೆತಿರಲಿಲ್ಲ. ಆದರೆ ಅಷ್ಟರಲ್ಲಿ ರೇಸಿನ ಆರೂ ಸುತ್ತು ಮುಗಿದಿರುತ್ತದೆ ಅಂದುಕೊಂಡೆ. ಕಾಗದದ ಮೇಲೆ ಲೆಕ್ಕ ಹಾಕಿ ನೋಡಲಿಲ್ಲ.

ಸಣ್ಣ ಕಾರುಗಳಲ್ಲಿ ಕೊನೆಗೆ ಬಂದದ್ದು ಕಿತ್ತೂರಿನವರದು. ಅವರು ಅಲ್ಲಿ ಡ್ರೈವಿಂಗ್ ಶಾಲೆ ನಡೆಸುತ್ತಿದ್ದರು, ನಲವತ್ತರ ಆಸುಪಾಸು. ವಾರವೆಲ್ಲ ಕಲಿಯುವವರು ಗೇರು ಕಿರುಗುಟ್ಟಿಸುವ ಕಾರು ಅದೇ. ರೇಸಿಗೆ ಬರುವಾಗ ಎಡಬದಿಯ ಹೆಚ್ಚುವರಿ ಬ್ರೇಕು ಬಿಚ್ಚಿ, ಪಂಜರ ಕೂಡಿಸಿಕೊಂಡು ಬರುತ್ತಿದ್ದರು. ಅವರ ಹೆಂಡತಿಯೂ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಕಾರು ಕಲಿಸುತ್ತಿದ್ದರು. ರೇಸಿನ ದಿನ ನಮ್ಮ ಸಂಘಕ್ಕೆ ಸಮಯ ಎಣಿಸುವ ಕೆಲಸ ಅವರದು. ಎರಡು ಗಡಿಯಾರ ಕೊರಳಿಗೆ ಹಾಕಿಕೊಂಡು ಗೆರೆಯ ಹತ್ತಿರ ಕುರ್ಚಿಯಲ್ಲಿ ಕೂಡುತ್ತಿದ್ದರು.

ಅವರ ಕಾರು ನೋಡುವಾಗ ಹತ್ತೂವರೆ ದಾಟಿತ್ತು. ಪಂಜರದ ಕೊಳವೆಗೆ ಸಣ್ಣ ತೂತು ಕೊರೆದು ದಪ್ಪ ಅಳೆದೆ, ಎರಡೂವರೆ ಮಿಲಿಮೀಟರ್, ಸರಿ. ಸೀಟಿನ ಪಟ್ಟಿ ಜಗ್ಗಿ ನೋಡಿದೆ. ಆಕ್ಸಿಲರೇಟರಿಗೆ ಎರಡನೇ ಸ್ಪ್ರಿಂಗು ಇತ್ತು. ಬ್ಯಾಟರಿ ಬಿಗಿಯಾಗಿತ್ತು. ಪಂಜರದ ಕಾಲುಗಳ ಸುತ್ತ ರಬ್ಬರಿನ ಮ್ಯಾಟು ಕತ್ತರಿಸಿ ನೀಟಾಗಿ ಕೂಡಿಸಿದ್ದರು. ಮೇಲಿನ ಪ್ಲೇಟಿನ ಅಂಚು ಕಾಣುತ್ತಿತ್ತು. ಕೆಳಗಿನದನ್ನೂ ತಗಡನ್ನೂ ನೋಡಬೇಕಾದರೆ ಮ್ಯಾಟು ಕೀಳಬೇಕು, ಕಾರನ್ನು ಜಾಕಿನ ಮೇಲೆ ಎತ್ತಬೇಕು. ಕಾರ್ಯದರ್ಶಿಗಳು ಮೈಕಿನಲ್ಲಿ ನನ್ನ ಹೆಸರು ಹಿಡಿದು ಕರೆಯುತ್ತಿದ್ದರು. ಕಿತ್ತೂರಿನವರು ಬಾಗಿಲ ಹತ್ತಿರ ಹೆಲ್ಮೆಟ್ ಹಿಡಿದು ಸುಮ್ಮನೆ ನಿಂತಿದ್ದರು.

"ಪ್ಲೇಟ್ ಹಾಕೀರಿ, ಹೌದಲ್ರಿ?" ಎಂದೆ.

"ಹಾಕೇನ್ರಿ ಸರ್."

"ನೆಲದ ಪ್ಲೇಟು" ಎಂಬ ಸಾಲಿನ ಮುಂದೆ ಗುರುತು ಹಾಕಿ ಸಹಿ ಮಾಡಿದೆ.

ರೇಸು ಶುರುವಾದಾಗ ಗಾಳಿ ಇರಲಿಲ್ಲ. ನೀರಿನ ಟ್ಯಾಂಕರು ಒಂದೇ ಸಲ ಸುರಿದು ಹೋಗಿತ್ತು. ಮೊದಲ ಸುತ್ತಿಗೇ ಕರಿಮಣ್ಣಿನ ಧೂಳು ಎದ್ದು, ಅಲ್ಲೇ ನಿಂತಿತು. ಜೀಪುಗಳು ಪ್ರತಿ ಸುತ್ತಿಗೆ ಇಪ್ಪತ್ತು ಸೆಕೆಂಡು ಬೇಗ ಬರುತ್ತಿದ್ದವು. ಮೂರನೇ ಸುತ್ತು ಮುಗಿಯುವ ಮೊದಲೇ ಮುಂದಿನ ಜೀಪು ಸಣ್ಣ ಕಾರುಗಳ ಬೆನ್ನಿಗಿತ್ತು. ಹಿಂದಿನವರಿಗೆ ದಾರಿ ಬಿಡಿ ಎಂದು ನೀಲಿ ಬಾವುಟ ಬೀಸುವವನ ಕಡೆ ನಾನು ಓಡಿದೆ. ಅವನು ಬೀಸುತ್ತಿದ್ದ, ಆದರೆ ಬಾವುಟವೇ ನನಗೆ ಇಪ್ಪತ್ತು ಹೆಜ್ಜೆಯಿಂದ ಕಾಣುತ್ತಿರಲಿಲ್ಲ.

ಜೀಪು ಕಿತ್ತೂರಿನವರ ಕಾರಿನ ಬಲ ಹಿಂಬದಿಗೆ ಬಡಿಯಿತು. ಕಾರು ಅಡ್ಡ ತಿರುಗಿತು. ಮೆತ್ತನೆಯ ಎರೆಮಣ್ಣಿನಲ್ಲಿ ಆಗಲೇ ಬಿದ್ದಿದ್ದ ಆಳದ ಗಾಲಿಗೆರೆಯಲ್ಲಿ ಮುಂದಿನ ಚಕ್ರ ಹೂತು, ಎರಡು ಸಲ ಮಗುಚಿ, ತಲೆಕೆಳಗಾಗಿ ನಿಂತಿತು. ಸದ್ದು ಅಷ್ಟೇನೂ ದೊಡ್ಡದಿರಲಿಲ್ಲ.

ನಾನು ಮುಟ್ಟುವಷ್ಟರಲ್ಲಿ ಜನ ಅವರ ಪಟ್ಟಿ ಕತ್ತರಿಸಿ, ರಟ್ಟೆ ಹಿಡಿದು ಹೊರಗೆ ಎಳೆದುಬಿಟ್ಟಿದ್ದರು. ಎಳೆಯಬೇಡಿ ಎಂದು ಕೂಗಿದ್ದು ನನಗೇ ಕೇಳಿಸಿತೋ ಇಲ್ಲವೋ. ಯಾವಾಗಲೂ ನಮ್ಮ ಜೊತೆ ಇರುತ್ತಿದ್ದ ಡಾಕ್ಟರು ಅಂದು ಸವದತ್ತಿಯ ರೇಸಿಗೆ ಹೋಗಿದ್ದರು. ಆ ಸೀಮೆಗೆಲ್ಲ ರೇಸಿನ ಕೆಲಸಕ್ಕೆ ಬರುವ ಡಾಕ್ಟರು ಅವರೊಬ್ಬರೇ, ಅವರ ಜೊತೆ ಗಾಯಾಳು ಹೊರುವ ಅವರ ವ್ಯಾನೂ ಹೋಗಿತ್ತು. ಯಾರೋ ಟ್ರೇಲರಿನ ಹಲಗೆ ಕಿತ್ತು ತಂದರು. ಅದರ ಮೇಲೆ ಮಲಗಿಸಿ ಪಿಕಪ್ ಗಾಡಿಗೆ ಏರಿಸಿದೆವು.

ಅವರಿಗೆ ಎಚ್ಚರವಿತ್ತು. "ಕಾಲು ಎಲ್ಲೈತ್ರಿ?" ಎಂದು ನನ್ನನ್ನೇ ಕೇಳಿದರು.

ಅವರ ಹೆಂಡತಿ ಗಾಡಿ ಹತ್ತಿದರು. ಕೊರಳಲ್ಲಿ ಎರಡೂ ಗಡಿಯಾರ ಇನ್ನೂ ಓಡುತ್ತಿದ್ದವು.

ಗಾಡಿ ಬೆಳಗಾವಿ ಕಡೆ ಹೋದ ಮೇಲೆ ನಾಲ್ಕೈದು ಮಂದಿ ಸೇರಿ ಕಾರನ್ನು ಹೊರಳಿಸಿದೆವು. ಪಂಜರ ಎಲ್ಲಿಯೂ ಬಾಗಿರಲಿಲ್ಲ. ಆದರೆ ಬಲಗಡೆಯ ಮುಂದಿನ ಕಾಲು ನೆಲವನ್ನು ಹರಿದು ಒಂದು ಗೇಣು ಹೊರಗೆ ಬಂದಿತ್ತು. ಅದರೊಂದಿಗೆ ಮೇಲ್ಛಾವಣಿ ಸೀಟಿನ ಮೇಲೆ ಕುಸಿದಿತ್ತು. ನಾನು ಒಳಗೆ ತೂರಿ ಮ್ಯಾಟು ಎತ್ತಿದೆ. ಪ್ಲೇಟು ಇತ್ತು, ಎರಡೂ ಬದಿಗೆ ಇತ್ತು. ನಡುವೆ ಹಿಡಿದುಕೊಳ್ಳಲು ತಗಡೇ ಇರಲಿಲ್ಲ. ತುಕ್ಕು ತಿಂದು ಜಾಳಿಗೆಯಾದ ನೆಲಕ್ಕೆ ಪುಟ್ಟಿ ಮೆತ್ತಿ, ಉಜ್ಜಿ, ಕರಿ ಬಣ್ಣ ಹಚ್ಚಲಾಗಿತ್ತು. ಬೆರಳಿನಿಂದ ಒತ್ತಿದರೆ ಬಿಸ್ಕೀಟಿನಂತೆ ಉದುರುತ್ತಿತ್ತು. ಮ್ಯಾಟು ಎತ್ತಿ ಸ್ಕ್ರೂಡ್ರೈವರಿನ ತುದಿಯಿಂದ ಒಂದು ಸಲ ಚುಚ್ಚಿದ್ದರೆ ತಿಳಿಯುತ್ತಿತ್ತು. ಅರ್ಧ ನಿಮಿಷದ ಕೆಲಸ.

ಕಾರ್ಯದರ್ಶಿಗಳು ನನ್ನ ಹಿಂದೆಯೇ ಬಗ್ಗಿ ನೋಡುತ್ತಿದ್ದರು.

ಮೂರು ದಿನ ಬಿಟ್ಟು ಕಾರ್ಯದರ್ಶಿಗಳು ನಮ್ಮ ಮನೆಗೆ ಬಂದರು. ಕಿತ್ತೂರಿನವರ ಬೆನ್ನುಹುರಿ ತುಂಡಾಗಿದೆ, ಸೊಂಟದಿಂದ ಕೆಳಗೆ ಸ್ವಾಧೀನ ಇನ್ನು ಬರುವುದಿಲ್ಲ ಎಂದು ಆಸ್ಪತ್ರೆಯಲ್ಲಿ ಹೇಳಿದ್ದು ಅಷ್ಟರಲ್ಲಿ ನಮಗೆ ಗೊತ್ತಾಗಿತ್ತು. ಪೊಲೀಸರು ಜೀಪಿನವನ ಮೇಲೆ ದೂರು ಬರೆದುಕೊಂಡಿದ್ದರು. ಅವನು ಊರಿನ ದವಸದ ಅಂಗಡಿಯವರ ಮಗ, ಊಟ ಬಿಟ್ಟು ಮಲಗಿದ್ದ. ಕಾರ್ಯದರ್ಶಿಗಳ ಕೈಯಲ್ಲಿ ಖಾಲಿ ಪರೀಕ್ಷಾ ಹಾಳೆಯೊಂದಿತ್ತು.

"ಇದರಾಗ ಬ್ಯಾರೆ ಬರದ ಕೊಡ್ರಿ. ನೆಲ ನೋಡೇನಿ, ಬರೋಬರಿ ಇಲ್ಲ, ಓಡಿಸಬ್ಯಾಡ ಅಂತ ಹೇಳೇನಿ, ಚಾಲಕರು ಕೇಳಲಿಲ್ಲ, ಅಷ್ಟ. ನಿಮ್ಮ ಮ್ಯಾಲೂ ಬರೂದಿಲ್ಲ, ಸಂಘದ ಮ್ಯಾಲೂ ಬರೂದಿಲ್ಲ."

"ಅವ್ರ ಮ್ಯಾಲ ಬರತೈತಿ."

"ಅವ್ರಿಗಿನ್ನ ಏನ ಆಗೂದೈತ್ರಿ ಮಾಸ್ತರ? ಆಗೂದು ಆಗೇತಿ. ಮ್ಯಾಟ್ ಎತ್ತಿದ್ದು ನೀವು, ನೋಡಿದ್ದು ನಾನು. ಮೂರನೇದವ್ರಿಗೆ ಗೊತ್ತಿಲ್ಲ."

ಅವರು ಕೆಟ್ಟವರಲ್ಲ. ಹಾಳೆಯನ್ನು ಮೇಜಿನ ಮೇಲೆ ಇಟ್ಟು ಹೋದರು.

ಮರುದಿನ ಹೊಸ ಸಂಘದ ಅಧ್ಯಕ್ಷರಿಂದ, ಅಂದರೆ ಆ ಬಂಕಿನವರಿಂದ, ಕರೆ ಬಂತು. ರಜೆ ಹಾಕಿ ಸವದತ್ತಿಗೆ ಹೋದೆ. ಅವರ ಮುಂದಿನ ರೇಸಿನ ಕಾರುಗಳನ್ನು ಬಂಕಿನ ಹಿಂದಿನ ಶೆಡ್ಡಿನಲ್ಲಿ ಸೇರಿಸಿದ್ದರು. ಅಧ್ಯಕ್ಷರು ಚಹಾ ತರಿಸಿ ಹೇಳಿದರು: "ನೀವು ನಮ್ಮ ಕಡೆ ಬರ್ರಿ. ಅಲ್ಲಿ ಏನ ಆತು ಅಂತ ಪೇಪರಿನವ್ರ ಮುಂದ ಹೇಳ್ರಿ. ಆ ಸಂಘ ಒಂದು ಮುಚ್ಚಿದ್ರ ಈ ಎರಡೆರಡು ಸರಣಿ ಜಗಳ ಮುಗೀತೈತಿ. ನಿಮ್ಮಂಥಾವ್ರು ನಮಗ ಬೇಕು."

ನಾನು ಶೆಡ್ಡಿಗೆ ಹೋಗಿ ಸ್ಕ್ರೂಡ್ರೈವರು ಕೇಳಿ ಇಸಿದುಕೊಂಡೆ. ಅಲ್ಲಿದ್ದ ಒಂಬತ್ತು ಸಣ್ಣ ಕಾರುಗಳ ಮ್ಯಾಟು ಒಂದೊಂದಾಗಿ ಎತ್ತಿದೆ. ಆರರಲ್ಲಿ ಪಂಜರವೇ ಇರಲಿಲ್ಲ. ಪಂಜರವಿದ್ದ ಮೂರರಲ್ಲಿ ಒಂದಕ್ಕೆ ಮಾತ್ರ ಕೆಳಗೆ ಪ್ಲೇಟಿತ್ತು. ಇನ್ನೆರಡರಲ್ಲಿ ಒಂದರ ನೆಲದಲ್ಲಿ ಸ್ಕ್ರೂಡ್ರೈವರು ಹಿಡಿಕೆಯವರೆಗೂ ಇಳಿಯಿತು. ಅಧ್ಯಕ್ಷರನ್ನು ಕರೆದು ತೋರಿಸಿದೆ.

ಬಗ್ಗಿ ನೋಡಿದರು. "ಇವನ್ನೆಲ್ಲಾ ತಗದ್ರ ವರ್ಗನ ಉಳ್ಯೂದಿಲ್ರಿ."

"ಹೌದ್ರಿ, ಉಳ್ಯೂದಿಲ್ಲ."

"ಮತ್ತ ರೇಸ್ ಹೆಂಗ ಮಾಡೂದು?"

ಆ ಪ್ರಶ್ನೆಯನ್ನು ನಾಲ್ಕು ದಿನ ಹಿಂದೆ ಇನ್ನೊಬ್ಬರು ನನಗೆ ಬೇರೆ ಮಾತಿನಲ್ಲಿ ಕೇಳಿದ್ದರು, ಅದಕ್ಕೆ ನಾನು ಸಹಿಯಿಂದ ಉತ್ತರಿಸಿದ್ದೆ. ಈ ಸಲ ಸ್ಕ್ರೂಡ್ರೈವರು ವಾಪಸು ಕೊಟ್ಟು, ಬೈಲಹೊಂಗಲದ ಬಸ್ಸು ಹತ್ತಿದೆ. ಅವರು ಆ ಒಂಬತ್ತೂ ಕಾರುಗಳನ್ನು ಓಡಿಸಿದರೆಂದು ಆಮೇಲೆ ಕೇಳಿದೆ.

ಬಸ್ಸಿನಲ್ಲಿ ಕುಳಿತಾಗ ನಿರ್ಧಾರವಾಗಿತ್ತು. ಮೂಲ ಹಾಳೆಯನ್ನೇ ಪೊಲೀಸರಿಗೆ ಕೊಡುವುದು. "ನೆಲದ ಪ್ಲೇಟು" ಎಂಬಲ್ಲಿನ ಗುರುತು ನೋಡದೆ ಹಾಕಿದ್ದು, ಸುಳ್ಳು ಎಂದು ಹೇಳುವುದು. ವರ್ಗ ಕೂಡಿಸಲು ಒಪ್ಪಿದ್ದನ್ನೂ ಹೇಳುವುದು. ನನ್ನ ಹೆಂಡತಿಗೆ ಹೇಳಿದಾಗ ಅವಳು, "ನೌಕರಿ ಹೋದ್ರ?" ಎಂದು ಒಂದೇ ಮಾತು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದಳು. ಆದರೆ ಪೊಲೀಸರಿಗಿಂತ ಮೊದಲು ಅದನ್ನು ಕೇಳಬೇಕಾದವರು ಕಿತ್ತೂರಿನವರು. ಆಸ್ಪತ್ರೆಯಿಂದ ಅವರನ್ನು ಮನೆಗೆ ಕಳಿಸುವವರೆಗೆ ಕಾದೆ. ಮೂರು ವಾರ ಹಿಡಿಯಿತು. ಆ ಮೂರು ವಾರ ಎರಡೂ ಸಂಘದವರು ನನ್ನೊಂದಿಗೆ ಮಾತು ಬಿಟ್ಟಿದ್ದರು.

ಅವರ ಮನೆಯ ಮುಂದಿನ ಕೋಣೆಯೇ ಶಾಲೆಯ ಆಫೀಸು. ಗೋಡೆಯ ಮೇಲೆ ರಸ್ತೆ ಚಿಹ್ನೆಗಳ ಪಟ. ಅದರ ಕೆಳಗೆ ಮಂಚ ಹಾಕಿ ಮಲಗಿಸಿದ್ದರು. ಮುಖ ಬಾಡಿತ್ತು, ಧ್ವನಿ ಮೊದಲಿನಂತೆಯೇ ಇತ್ತು. ಅವರ ಹೆಂಡತಿ ಬಾಗಿಲ ಹತ್ತಿರ ಕುಳಿತರು.

ನಾನು ಬರೆದುಕೊಂಡು ಹೋಗಿದ್ದನ್ನು ಓದಿದೆ. ಓದುವುದು ಸುಲಭ ಅಂದುಕೊಂಡಿದ್ದೆ. "ಮ್ಯಾಟು ಎತ್ತಿ ನೋಡಲಿಲ್ಲ" ಎಂಬಲ್ಲಿ ನಿಂತುಬಿಟ್ಟೆ.

ಅವರು ಗೋಡೆ ಕಡೆ ಮುಖ ಮಾಡಿ ಹೇಳಿದರು: "ಪುಟ್ಟಿ ಹಚ್ಚಿದವ ನಾನ ರೀ ಸರ್. ಹಿಂದಿನ ದಿನ. ತಗಡ ಹಾಕಿ ವೆಲ್ಡ್ ಮಾಡಸಬೇಕಂದ್ರ ಕಾರು ನಾಕು ದಿನ ಗ್ಯಾರೇಜಿನ್ಯಾಗ ನಿಂದರತಿತ್ತು, ಕಲಿಯವ್ರಿಗೆ ಕಾರಿಲ್ಲ. ನೀವು ಹಿಡದ್ರ ಓಡಸೂದ ಬ್ಯಾಡ, ಹಿಡೀಲಿಲ್ಲ ಅಂದ್ರ ಅಷ್ಟೇನ ಕೆಟ್ಟಿಲ್ಲ ಅಂತ ತಿಳಕೊಂಡ್ನಿ. ನಿಮ್ಮ ಮ್ಯಾಲ ಹಾಕಿಬಿಟ್ನಿ. ನೀವು ಕೇಳಿದಾಗ ಹಾಕೇನಿ ಅಂದ್ನಿ. ಪ್ಲೇಟ್ ಹಾಕಿದ್ದು ಸುಳ್ಳಲ್ಲ ನೋಡ್ರಿ."

ಅವರ ಹೆಂಡತಿ ಗಂಡನನ್ನು ನೋಡುತ್ತಿದ್ದರು. ಈ ಮಾತು ಅವರೂ ಅದೇ ಮೊದಲ ಸಲ ಕೇಳುತ್ತಿದ್ದಾರೆಂದು ನನಗೆ ತಿಳಿಯಿತು.

"ಅದನ್ನೂ ಬರೀರಿ," ಎಂದರು ಕಿತ್ತೂರಿನವರು. "ನಿಮ್ಮ ಒಬ್ಬರದ ಅಲ್ಲ ಅದು. ಆ ಜೀಪಿನ ಹುಡುಗಂದಂತೂ ಅಲ್ಲ."

ಬರೆಯುತ್ತೇನೆ ಎಂದು ಹೇಳಿ ಎದ್ದೆ. ಅವರ ಹೆಂಡತಿ ಅಂಗಳ ದಾಟಿ ರಸ್ತೆಯವರೆಗೆ ಬಂದರು.

"ಬರೀಬ್ಯಾಡ್ರಿ," ಎಂದರು. "ತನ್ನ ಕಾಲ ತಾನ ಕಳಕೊಂಡ ಅಂತ ಊರಾಗ ಮಾತಾಡ್ತಾರ. ಇನ್ನ ಎಷ್ಟ ದಿವಸ ಅವ್ರು ಅಲ್ಲೇ ಮಲಗಿ ಅದನ್ನ ಕೇಳಬೇಕು? ನನಗ ಇವತ್ತ ಒಂದ ಸಲ ಕೇಳಿದ್ದ ಸಾಕಾಗೇತಿ."

ಠಾಣೆಯಲ್ಲಿ ಫೌಜದಾರರು ಹಾಳೆಯನ್ನು ಎರಡು ಸಲ ಓದಿದರು. ನನ್ನ ಮಾತನ್ನು ಒಂದಕ್ಷರ ಬಿಡದೆ ಬರೆದುಕೊಂಡರು. ಕೊನೆಗೆ ಪೆನ್ನು ಎತ್ತಿ ಹಿಡಿದು ಕೇಳಿದರು: "ನೆಲಕ್ಕ ತುಕ್ಕು ಹಿಡದದ್ದು ಕಾರಿನವಗ ಗೊತ್ತಿತ್ತೇನ್ರಿ?"

"ಅದನ್ನ ನೋಡೂದು ನನ್ನ ಕೆಲಸ ಆಗಿತ್ರಿ," ಎಂದೆ.

ಅದು ಉತ್ತರವಲ್ಲವೆಂದು ಅವರಿಗೂ ಗೊತ್ತಾಗಿರಬೇಕು. ಮುಂದಿನ ಸಾಲಿಗೆ ಹೋದರು.

ಜೀಪಿನವನ ಮೇಲಿನ ದೂರು ಕೈಬಿಟ್ಟರು. ನನ್ನ ಮತ್ತು ಕಾರ್ಯದರ್ಶಿಗಳ ಮೇಲೆ ಮೊಕದ್ದಮೆ ನಡೆದು ನಮಗಿಬ್ಬರಿಗೂ ದಂಡವಾಯಿತು. ನೌಕರಿ ಉಳಿಯಿತು, ಬಡ್ತಿ ನಿಂತಿತು. ಕಾರ್ಯದರ್ಶಿಗಳು ಮಾರ್ಕೆಟ್ಟಿನಲ್ಲಿ ಎದುರಾದರೆ ಈಗಲೂ ದಾರಿ ಬದಲಿಸುತ್ತಾರೆ. ನಮ್ಮ ಸಂಘ ಆ ವರ್ಷವೇ ಮುಚ್ಚಿತು. ಪ್ರತಿಸ್ಪರ್ಧಿ ಇಲ್ಲದ ಹೊಸ ಸಂಘ ಬೆಳೆಯುತ್ತದೆ ಅಂದುಕೊಂಡಿದ್ದೆವು. ಅದೂ ಒಂದು ವರ್ಷ ಎಲ್ಲ ವರ್ಗಗಳನ್ನೂ ಕೂಡಿಸಿ ಓಡಿಸಿ, ಕಾರು ಸಾಲದೆ ನಿಂತಿತು.

ನಾನು ಎರಡು ಮೂರು ತಿಂಗಳಿಗೊಮ್ಮೆ ಕಿತ್ತೂರಿಗೆ ಹೋಗುತ್ತಿದ್ದೆ. ಅವರು ರೇಸಿನ ಮಾತೆತ್ತುತ್ತಿರಲಿಲ್ಲ, ನಾನೂ ಎತ್ತುತ್ತಿರಲಿಲ್ಲ. ಬೆನ್ನಿನ ಹುಣ್ಣುಗಳು ಮಾಯಲಿಲ್ಲ. ಎರಡನೇ ಮಳೆಗಾಲದಲ್ಲಿ ಮೈಗೆ ನಂಜು ಏರಿ ತೀರಿಕೊಂಡರು.

ಮಣ್ಣು ಮುಗಿಸಿ ಮನೆಗೆ ಬಂದು ಎಲ್ಲರೂ ಹೊರಟ ಮೇಲೆ ಅವರ ಹೆಂಡತಿ ಮುಂದಿನ ಕೋಣೆಯಲ್ಲಿ ನನ್ನನ್ನು ನಿಲ್ಲಿಸಿಕೊಂಡರು.

"ಪುಟ್ಟಿ ಮಾತ ನೀವು ಪೊಲೀಸ್ರ ಮುಂದ ಹೇಳಲಿಲ್ಲ."

"ಇಲ್ರಿ."

"ಅವ್ರು ದಿನಾ ಕೇಳ್ತಿದ್ರು. ಸರ್ ಬರದ್ರೇನು, ನನ್ನ ತಪ್ಪ ಬರದ್ರೇನು ಅಂತ." ಅವರು ಮಂಚ ತೆಗೆದ ಜಾಗವನ್ನು ನೋಡಿದರು. "ಬರದಾರ ಅಂತ ಹೇಳತಿದ್ನಿ. ಆಮ್ಯಾಲ ಮಲಗತಿದ್ರು."